ಪ್ಯಾಂಡೋರಾನಾ, ಪೈರಾನಾ?

ಜೇಬಿಗೆ ಹೋಗುವ ಲಿನಕ್ಸ್ ಗೇಮಿಂಗ್ ಕಂಪ್ಯೂಟರ್ ಬೇಕು, ಬಿಚ್ಚಿ ರಿಪೇರಿ ಮಾಡುವಂತೆಯೂ ಇರಬೇಕು ಅನ್ನುವವರ ಮುಂದೆ ಈ ಎರಡು ಹೆಸರು ಬಂದೇ ಬರುತ್ತವೆ. ಎರಡರಲ್ಲೂ ಕೀಬೋರ್ಡ್, ಎರಡು ಅನಲಾಗ್ ನಬ್ (ಬೆರಳಿನಿಂದ ಎಲ್ಲ ದಿಕ್ಕಿಗೂ ಸರಿಸುವ ಗುಂಡಿ), ಎರಡು ಎಸ್‌ಡಿ ಕಾರ್ಡ್ ಜಾಗ ಇವೆ.

2010ರಲ್ಲಿ ಬಂದ ಪ್ಯಾಂಡೋರಾದಲ್ಲಿ 600 ಮೆಗಾಹರ್ಟ್ಜ್ ಚಿಪ್, 256 ಎಂಬಿ ರ್‍ಯಾಮ್. ನಂತರದ 1 ಗಿಗಾಹರ್ಟ್ಜ್ ಮಾದರಿಯಲ್ಲಿ ರ್‍ಯಾಮ್ 512 ಎಂಬಿ. ಹಳೆಯ ಗೇಮ್ ಯಂತ್ರಗಳ ಆಟ ಆಡಿಸುವ ಎಮ್ಯುಲೇಟರ್ ತಂತ್ರಾಂಶಕ್ಕೆ ಇಷ್ಟು ಸಾಕು. ಇವತ್ತಿನ ಬ್ರೌಸರ್‌ಗೆ ಖಂಡಿತ ಸಾಲದು. ಈಗ ಸೆಕೆಂಡ್ ಹ್ಯಾಂಡ್‌ನಲ್ಲೇ ಹುಡುಕಬೇಕು, ಬ್ಯಾಟರಿ ನೋಡಿ ಕೊಳ್ಳಿ.

ಪೈರಾ ನನಗೆ ಇಷ್ಟವಾಗುವುದು ಅದರ ಬೋರ್ಡ್‌ಗಳಿಂದ. ಪ್ರೊಸೆಸರ್ ಮತ್ತು ರ್‍ಯಾಮ್ ಬೇರೆಯೇ ಬೋರ್ಡ್‌ನಲ್ಲಿವೆ. ಮುಂದೆ ಯಾರಾದರೂ ಹೊಸ ಸಿಪಿಯು ಬೋರ್ಡ್ ಮಾಡಿದರೆ ಕೀಬೋರ್ಡ್, ಪರದೆ, ಕೇಸ್ ಎಲ್ಲ ಹಾಗೇ ಉಳಿಸಿಕೊಳ್ಳಬಹುದು. ಹಾರ್ಡ್‌ವೇರ್ ಮಾಡುವವರಿಗೆ ಇದು ಎಷ್ಟು ದೊಡ್ಡ ಅನುಕೂಲ, ಅಲ್ವಾ? ಒಳಗೆ 1.5 ಗಿಗಾಹರ್ಟ್ಜ್‌ನ ಎರಡು ಕೋರ್, 2 ಅಥವಾ 4 ಜಿಬಿ ರ್‍ಯಾಮ್, 5 ಇಂಚಿನ 720ಪಿ ಪರದೆ, ಡೆಬಿಯನ್ ಎಂಬ ಲಿನಕ್ಸ್. ಬೇಕಾದರೆ ಮೊಬೈಲ್ ಮೋಡೆಮ್ ಇರುವ ಮಾದರಿಯೂ ಉಂಟು.

ಆದರೆ ಪೈರಾಗೆ ಕಾಯುವ ತಾಳ್ಮೆ ಬೇಕು. 2016ರಲ್ಲಿ ಮುಂಗಡ ಬುಕಿಂಗ್ ಶುರುವಾಗಿ, ಸಾಧನ ಕೈ ಸೇರತೊಡಗಿದ್ದು 2020ರ ಕೊನೆಗೆ. ಅಷ್ಟರಲ್ಲಿ ಚಿಪ್ ಹಳತಾಗಿತ್ತು. ಇನ್ನೊಂದು ಮಾತು: ಎರಡರಲ್ಲೂ ಇರುವುದು ಪವರ್‌ವಿಆರ್ ಗ್ರಾಫಿಕ್ಸ್, ಅದನ್ನು ನಡೆಸುವ ತಂತ್ರಾಂಶದ (ಡ್ರೈವರ್) ಮೂಲ ಕೋಡ್ ಪೂರ್ತಿ ಮುಕ್ತವಲ್ಲ.

ಬರೀ ಆಟಕ್ಕಾದರೆ ವಾಲ್ವ್ ಕಂಪನಿಯ ಕೈಯಲ್ಲಿ ಹಿಡಿದು ಆಡುವ ಕಂಪ್ಯೂಟರ್ ಸ್ಟೀಮ್ ಡೆಕ್ ತಗೊಳ್ಳಿ. ಸೋಲ್ಡರಿಂಗ್ ಐರನ್ ಹಿಡಿಯುವ ಆಸೆ ಇದ್ದರೆ ಪೈರಾ. ಹಣ ಕಮ್ಮಿ ಇದ್ದು, ಕಲಿಯುವುದೇ ಗುರಿಯಾದರೆ ಪ್ಯಾಂಡೋರಾದ 1 ಗಿಗಾಹರ್ಟ್ಜ್ ಮಾದರಿಯನ್ನೇ ಹುಡುಕಿ.