ಮೊದಲು ತೋಟೆ ಬದಲಿಸಿ, ಸ್ಪ್ರಿಂಗ್ ಆಮೇಲೆ ನೋಡೋಣ

ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ನಿಮ್ಮ .22 ಪಿಸ್ತೂಲು (ನಳಿಗೆ ಸುಮಾರು 0.22 ಇಂಚು ಅಗಲದ್ದು) ಪದೇ ಪದೇ ಜಾಮ್ ಆಗುತ್ತಿದ್ದರೆ ಮೊದಲು ತೋಟೆ ಬದಲಿಸಿ. ತೋಟೆ ತುಂಬುವ ಮ್ಯಾಗಜೀನ್, ಹೊಡೆದ ತೋಟೆಯ ಕವಚ ಹಿಡಿಯುವ ಕೊಕ್ಕೆಯಾದ ಎಕ್ಸ್‌ಟ್ರಾಕ್ಟರ್, ಸ್ಪ್ರಿಂಗ್ ಎಲ್ಲ ಆಮೇಲೆ. ನಾನು ಇದನ್ನು ಉಲ್ಟಾ ಮಾಡಿದೆ. 60 ಡಾಲರ್ ಹೋಯಿತು, ಒಂದು ಇಡೀ ಚಳಿಗಾಲ ಹೋಯಿತು.

ನಮ್ಮೂರು ಕೊಡಗು. ಈಗ ಇರುವುದು ಅಮೆರಿಕದ ಓಹಾಯೊದಲ್ಲಿ, ಕೊಲಂಬಸ್ ಹತ್ತಿರ. ಚಿಕ್ಕವನಿದ್ದಾಗ ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬಕ್ಕೆ ತಾತನ ಒಂಟಿನಳಿಗೆ ಕೋವಿಯನ್ನು ಒರೆಸಿ, ಎಣ್ಣೆ ಸವರಿ, ತೋಕ್ ಪೂ (ಕೋವಿ ಹೂವು) ಸಿಕ್ಕಿಸುವ ಕೆಲಸ ನನ್ನದಾಗಿತ್ತು. ಆ ಕೋವಿಯಲ್ಲಿ ಕೆಡುವಂಥದ್ದು ಹೆಚ್ಚೇನೂ ಇರಲಿಲ್ಲ. ನಳಿಗೆ ಮಡಚಿ ತೋಟೆ ಹಾಕುವುದೂ ಕೈ, ಖಾಲಿ ತೋಟೆ ತೆಗೆಯುವುದೂ ಕೈ. ಸೆಮಿ ಆಟೋಮ್ಯಾಟಿಕ್ ಪಿಸ್ತೂಲಿನಲ್ಲಿ ಆ ಕೈಕೆಲಸವನ್ನೆಲ್ಲ ತೋಟೆಯೇ ಮಾಡಬೇಕು. ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೋಗಲು ನಾಲ್ಕು ತಿಂಗಳು ಬೇಕಾಯಿತು.

ಪ್ರತಿ ಮಂಗಳವಾರ ಸಂಜೆ ಕ್ಲಬ್ಬಿನ ಒಳಗಿನ ರೇಂಜಿನಲ್ಲಿ ಬುಲ್ಸ್‌ಐ ಅನ್ನುವ ಗುರಿ ಪಂದ್ಯ ಆಡುತ್ತೇವೆ. 50 ಅಡಿ ದೂರ, ಒಂದೇ ಕೈ. ರ‍್ಯಾಪಿಡ್ ಫೈರ್ ಅಂದರೆ 10 ಸೆಕೆಂಡಿಗೆ 5 ಗುಂಡು. ಮೂರನೆಯದಕ್ಕೋ ನಾಲ್ಕನೆಯದಕ್ಕೋ ಪಿಸ್ತೂಲು ನಿಂತುಬಿಟ್ಟರೆ 'ಅಲಿಬೈ' ಅಂತ ಹೇಳಿ ಮತ್ತೆ ಹೊಡೆಯಲು ಅವಕಾಶ ಸಿಗುತ್ತದೆ. ಆದರೆ ಹಿಡಿದಿದ್ದ ಲಯ ಹೋಗಿರುತ್ತದೆ. ಮುಂದಿನ ಐದು ಗುಂಡಿನಲ್ಲೂ ಮನಸ್ಸು ಗುರಿಯ ಮೇಲಿರುವುದಿಲ್ಲ, 'ಈಗ ನಿಲ್ಲುತ್ತಾ, ಈಗ ನಿಲ್ಲುತ್ತಾ' ಅಂತ ಕಾಯುತ್ತಿರುತ್ತದೆ.

ಅಕ್ಟೋಬರಿನಲ್ಲಿ 500 ತೋಟೆಯ ದೊಡ್ಡ ಪೆಟ್ಟಿಗೆ ತಂದೆ. ಗುಂಡಿನ ತೂಕ 36 ಗ್ರೇನ್, ತುದಿ ಟೊಳ್ಳಾದ ಹಾಲೋ ಪಾಯಿಂಟ್, ಬೆಲೆ 36 ಡಾಲರ್. ಒಂದು ತೋಟೆಗೆ ಏಳು ಸೆಂಟ್ ಚಿಲ್ಲರೆ. ಅವತ್ತಿನಿಂದ ಶುರು ಆಯಿತು ಸ್ಟೋವ್‌ಪೈಪ್ ಕಾಟ. ಹೊಡೆದ ತೋಟೆಯ ಹಿತ್ತಾಳೆ ಕವಚ, ಅಂದರೆ ಖಾಲಿ ಕೇಸ್, ಹೊರಗೆ ಹಾರಿ ಬೀಳುವ ಬದಲು, ಹಿಂದೆ ಮುಂದೆ ಓಡಾಡುವ ಬೋಲ್ಟಿಗೂ ನಳಿಗೆಗೂ ನಡುವೆ ಸಿಕ್ಕಿಕೊಂಡು, ಬಚ್ಚಲೊಲೆಯ ಹೊಗೆ ಕೊಳವೆಯ ಹಾಗೆ ನೆಟ್ಟಗೆ ನಿಲ್ಲುತ್ತಿತ್ತು. 200ಕ್ಕೆ ಒಂಬತ್ತು ಸಲ. ಕಮ್ಮಿ ಅನ್ನಿಸಬಹುದು. ಆದರೆ ಐದೈದರ ಸರಣಿಯಲ್ಲಿ ಹೊಡೆಯುವವರಿಗೆ ಅದು 40 ಸರಣಿಯಲ್ಲಿ ಒಂಬತ್ತು ಸರಣಿ ಹಾಳು.

ನಾನು ಮೊದಲು ತಂದಿದ್ದು ಹೊಸ ಮ್ಯಾಗಜೀನ್, 28 ಡಾಲರ್. ಏನೂ ಬದಲಾಗಲಿಲ್ಲ. ಬದಲಾಗುವುದೂ ಇಲ್ಲ. ಮ್ಯಾಗಜೀನ್ ಕೆಟ್ಟರೆ ಸಾಮಾನ್ಯವಾಗಿ ಹೊಸ ತೋಟೆ ಒಳಗೆ ಹೋಗಲು ತಕರಾರು ಮಾಡುತ್ತದೆ. ನನ್ನದು ಹಳೆಯದು ಹೊರಗೆ ಹೋಗದ ತಕರಾರು.

ಆಮೇಲೆ ಎಕ್ಸ್‌ಟ್ರಾಕ್ಟರ್, 14 ಡಾಲರ್. ಚೂಪು ಕೊಕ್ಕೆಯದು. ಒಂಬತ್ತು ಇದ್ದದ್ದು ಏಳಾಯಿತು, ಅಷ್ಟೇ. ಇದರ ಕಾರಣ ತಿಳಿದಾಗ ಆಶ್ಚರ್ಯವಾಯಿತು. ಈ ಪಿಸ್ತೂಲುಗಳು ಬ್ಲೋಬ್ಯಾಕ್ ಬಗೆಯವು. ಮದ್ದಿನ ಅನಿಲ ಗುಂಡನ್ನು ಮುಂದಕ್ಕೆ ತಳ್ಳುವಾಗಲೇ ಖಾಲಿ ಕೇಸನ್ನು ಹಿಂದಕ್ಕೂ ತಳ್ಳುತ್ತದೆ. ಆ ಕೇಸೇ ಬೋಲ್ಟನ್ನು ಹಿಂದಕ್ಕೆ ದೂಡುತ್ತದೆ. ಅಂದರೆ ಕೇಸ್ ಹೊರಗೆ ಬರುವುದಕ್ಕೆ ಕೊಕ್ಕೆ ಬೇಕೇ ಬೇಕು ಅಂತಿಲ್ಲ. ಕೇಸನ್ನು ಹೊರಗೆ ಎಸೆಯುವ ಇಜೆಕ್ಟರಿಗೆ ಬಡಿದು ಹಾರುವವರೆಗೆ ಕೇಸನ್ನು ಸರಿಯಾಗಿ ಹಿಡಿದಿಡುವುದು, ಸಿಡಿಯದ ತೋಟೆಯನ್ನು ಎಳೆದು ತೆಗೆಯುವುದು, ಇವೇ ಅದರ ಮುಖ್ಯ ಕೆಲಸ. ಕೊಕ್ಕೆ ಸವೆದಿದ್ದರೆ ಖಂಡಿತ ಬದಲಿಸಿ. ನನ್ನದು ಸವೆದಿರಲಿಲ್ಲ.

ಸ್ಪ್ರಿಂಗ್ ವಿಷಯ ಬೇರೆ. 18 ಡಾಲರ್ ಕೊಟ್ಟು ಸ್ವಲ್ಪ ಮೆತ್ತಗಿನ ರಿಕಾಯಿಲ್ ಸ್ಪ್ರಿಂಗ್ (ಬೋಲ್ಟನ್ನು ವಾಪಸ್ ಮುಂದಕ್ಕೆ ತಳ್ಳುವುದು) ಹಾಕಿದೆ. ಸ್ಟೋವ್‌ಪೈಪ್ ನಿಜವಾಗಿಯೂ ಕಮ್ಮಿ ಆಯಿತು. ತೋಟೆಯ ಬಲ ಕಮ್ಮಿ ಇದ್ದರೂ ಬೋಲ್ಟ್ ಪೂರ್ತಿ ಹಿಂದೆ ಹೋಗುತ್ತಿತ್ತು. ಆದರೆ ಮುಂದಕ್ಕೆ ಬರುವ ರಭಸವೂ ಇಳಿಯಿತು. ನಳಿಗೆ ಸ್ವಲ್ಪ ಕೊಳೆಯಾದ ಮೇಲೆ ಬೋಲ್ಟ್ ಪೂರ್ತಿ ಮುಚ್ಚುತ್ತಿರಲಿಲ್ಲ. ಟ್ರಿಗರ್ ಎಳೆದರೆ 'ಟಿಕ್' ಅನ್ನುತ್ತಿತ್ತು, ಅಷ್ಟೇ. ಹೋದ ರೋಗದ ಜಾಗಕ್ಕೆ ಇನ್ನೊಂದು ರೋಗ ಬಂತು. ಜೋರಾದ ತೋಟೆ ಹಾಕಿದರೆ ಬೋಲ್ಟ್ ಹಿಂದೆ ಹೋಗಿ ಬಡಿಯುವ ಪೆಟ್ಟು ಕೈಗೇ ಗೊತ್ತಾಗುತ್ತಿತ್ತು. ಮೂರು ವಾರಕ್ಕೆ ಹಳೆಯ ಸ್ಪ್ರಿಂಗನ್ನೇ ವಾಪಸ್ ಹಾಕಿದೆ.

ಕ್ಲಬ್ಬಿನ ಹಿರಿಯರೊಬ್ಬರು ಒಂದೇ ಮಾತು ಕೇಳಿದರು: "ಖಾಲಿ ಕೇಸ್ ನೋಡಿದೀಯಾ?" ನೋಡಿರಲಿಲ್ಲ. ಅವತ್ತು ಮೂವತ್ತು ಕೇಸ್ ಆರಿಸಿಕೊಂಡು ಮನೆಗೆ ತಂದೆ. ಸಿಕ್ಕಿಕೊಂಡವು ಒಂದು ಚೀಲದಲ್ಲಿ, ಸರಿಯಾಗಿ ಹಾರಿದವು ಇನ್ನೊಂದರಲ್ಲಿ. ಊಟದ ಮೇಜಿನ ಮೇಲೆ ಸುರಿಯುವುದರಲ್ಲಿದ್ದೆ. "ರೀ, ಅದರಲ್ಲಿ ಸೀಸ ಇರತ್ತೆ, ಗ್ಯಾರೇಜಿಗೆ ತಗೊಂಡು ಹೋಗಿ" ಅಂದಳು ಹೆಂಡತಿ. ಅವಳು ಹೇಳಿದ್ದು ಸರಿ. .22 ತೋಟೆಯ ಗುಂಡಿನಲ್ಲಿ ಮಾತ್ರ ಅಲ್ಲ, ಅಂಚಿನಲ್ಲಿ ತುಂಬಿರುವ ಕಿಡಿಮದ್ದಿನಲ್ಲೂ ಸಾಮಾನ್ಯವಾಗಿ ಸೀಸ ಇರುತ್ತದೆ. ಕೇಸ್ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಏನೂ ತಿನ್ನಬೇಡಿ.

ಗ್ಯಾರೇಜಿನ ದೀಪದ ಕೆಳಗೆ ಸಾಲಾಗಿ ಇಟ್ಟಾಗ ಉತ್ತರ ಅಲ್ಲೇ ಇತ್ತು. ಸರಿಯಾಗಿ ಹಾರಿದ ಕೇಸುಗಳಲ್ಲಿ ಬಾಯಿಯ ಹತ್ತಿರ ಮಾತ್ರ ತೆಳುವಾದ ಕಪ್ಪು. ಕೆಳಗೆಲ್ಲ ಹಿತ್ತಾಳೆ ಹೊಳೆಯುತ್ತಿತ್ತು. ಸಿಕ್ಕಿಕೊಂಡವುಗಳ ಬಾಯಿ ಅರ್ಧಚಂದ್ರದ ಹಾಗೆ ಒಳಕ್ಕೆ ಮಡಚಿತ್ತು. ಅದು ಬೋಲ್ಟ್ ಕಚ್ಚಿದ ಗುರುತು. ಜೊತೆಗೆ ಒಂದು ಬದಿಯಲ್ಲಿ ಬಾಯಿಯಿಂದ ಬುಡದವರೆಗೂ ಮಸಿ. ಒತ್ತಡ ಸಾಕಷ್ಟಿದ್ದರೆ ಹಿತ್ತಾಳೆ ಹಿಗ್ಗಿ, ತೋಟೆ ಕೂರುವ ಜಾಗವಾದ ಚೇಂಬರಿನ ಗೋಡೆಗೆ ಒತ್ತಿಕೊಳ್ಳುತ್ತದೆ, ಅನಿಲ ಹಿಂದಕ್ಕೆ ಸೋರುವುದಿಲ್ಲ. ಮಸಿ ಬುಡಕ್ಕೆ ಬಂದಿದೆ ಅಂದರೆ ಆ ತೋಟೆಯಲ್ಲಿ ಒತ್ತಡ ಕಮ್ಮಿ ಇತ್ತು ಅಂತಲೇ ಅರ್ಥ. ಬೋಲ್ಟ್ ಅರ್ಧ ದಾರಿ ಹೋಗಿ ವಾಪಸ್ ಬಂದಿದೆ. ಒಂದೇ ಪೆಟ್ಟಿಗೆಯ ತೋಟೆಗಳು, ಒಂದಕ್ಕೆ ಇರುವ ಬಲ ಇನ್ನೊಂದಕ್ಕಿಲ್ಲ.

ಇನ್ನೊಂದು ವಿಷಯ ಚೇಂಬರಿನದು. ಮ್ಯಾಗಜೀನ್ ತೆಗೆದು, ಬೋಲ್ಟ್ ಹಿಂದಕ್ಕೆ ನಿಲ್ಲಿಸಿ, ಒಳಗೆ ಏನೂ ಇಲ್ಲ ಅಂತ ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿಕೊಂಡ ಮೇಲೆ ಟಾರ್ಚ್ ಬಿಟ್ಟು ನೋಡಿದೆ. ಒಳಗೆ ಮೇಣ, ಮಸಿ ಸೇರಿ ಗಟ್ಟಿಯಾದ ಒಂದು ಉಂಗುರ. ರೇಂಜಿನಲ್ಲಿ ಒಂದು ತೋಟೆಯನ್ನು ಬೆರಳಿನಿಂದ ಚೇಂಬರಿಗೆ ಬಿಟ್ಟು ನೋಡಿದರೆ ಅದು ತಾನಾಗಿ ಪೂರ್ತಿ ಕೂರಬೇಕು. ನನ್ನದು ಉಗುರಿನ ದಪ್ಪದಷ್ಟು ಹೊರಗೇ ನಿಂತಿತ್ತು. ಹಿತ್ತಾಳೆ ಬ್ರಷ್, ಸಾಲ್ವೆಂಟ್, ಹತ್ತು ನಿಮಿಷ. ಚೇಂಬರಿನ ಅಂಚಿನಲ್ಲಿ ಫೈರಿಂಗ್ ಪಿನ್ ಬಡಿದ ಜಜ್ಜು ಇದೆಯೇ ಅಂತಲೂ ಅದೇ ಹೊತ್ತಿಗೆ ನೋಡಿಬಿಡಿ. ತೋಟೆ ಇಲ್ಲದೆ ಟ್ರಿಗರ್ ಎಳೆಯುವ ಅಭ್ಯಾಸ ಇದ್ದವರ ಕೆಲವು .22ಗಳಲ್ಲಿ ಅದು ಇರುತ್ತದೆ. ಇದ್ದರೆ ಗನ್‌ಸ್ಮಿತ್ ಹತ್ತಿರವೇ ಹೋಗಬೇಕು.

ಈಗ ತೋಟೆಗಳು. ಸಿಸಿಐ ಕಂಪನಿಯ ಸ್ಟ್ಯಾಂಡರ್ಡ್ ವೆಲಾಸಿಟಿ ನನ್ನ ಆಯ್ಕೆ. 40 ಗ್ರೇನ್ ಸೀಸದ ಗುಂಡು, ಪೆಟ್ಟಿಗೆಯ ಮೇಲೆ ಸೆಕೆಂಡಿಗೆ 1,070 ಅಡಿ. ನಾನು ತಂದಿದ್ದ ಅಗ್ಗದ ತೋಟೆಯ ಪೆಟ್ಟಿಗೆಯ ಮೇಲೆ ಇದಕ್ಕಿಂತ ಜಾಸ್ತಿ ವೇಗ ಬರೆದಿತ್ತು! ಆದರೂ ಇದೇ ಚೆನ್ನಾಗಿ ಓಡಿತು, ಯಾಕೆಂದರೆ ಒಂದು ತೋಟೆಗೂ ಇನ್ನೊಂದಕ್ಕೂ ವ್ಯತ್ಯಾಸ ಕಮ್ಮಿ. ಚೇಂಬರ್ ತೊಳೆದು, ಹಳೆಯ ಸ್ಪ್ರಿಂಗಿನಲ್ಲೇ 400 ಹೊಡೆದೆ. ಒಂದೇ ಒಂದು ಸಲ ನಿಂತಿತು.

ಅದೇ ಕಂಪನಿಯ ಮಿನಿ ಮ್ಯಾಗ್ ತೋಟೆ ಕೂಡ 40 ಗ್ರೇನ್. ತಾಮ್ರ ಲೇಪ, 1,235 ಅಡಿ. ಇದು ಉದ್ದ ನಳಿಗೆಯ ರೈಫಲ್ಲಿನ ಲೆಕ್ಕ, ನಮ್ಮ ಐದೂವರೆ ಇಂಚು ನಳಿಗೆಯ ಪಿಸ್ತೂಲಿನಲ್ಲಿ ಅಷ್ಟು ಬರುವುದಿಲ್ಲ. 200 ಹೊಡೆದೆ, ಒಂದೂ ನಿಲ್ಲಲಿಲ್ಲ. ನಂಬಿಕೆಯ ಮಾತಾದರೆ ಇದೇ ಮೇಲು. ಆದರೆ ಒಂದೇ ಕೈಯಲ್ಲಿ ರ‍್ಯಾಪಿಡ್ ಫೈರ್ ಹೊಡೆಯುವಾಗ ಮೂತಿ ಜಾಸ್ತಿ ಏಳುತ್ತದೆ. ಐದನೇ ಗುಂಡು ನನಗೆ ಯಾವಾಗಲೂ ತಡ.

ಬ್ರಿಟನ್ನಿನ ಈಲಿ ಕಂಪನಿಯ ತೋಟೆ ಬಹಳ ಚೆಂದ, ನನ್ನ ಜೇಬಿಗೆ ಆಗದು.

ಯಾವ ತೋಟೆಯೇ ಇರಲಿ, 'ಟಿಕ್' ಅಂದು ಸಿಡಿಯದಿದ್ದರೆ ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದು 30 ಸೆಕೆಂಡ್ ಕಾಯಿರಿ. ಸದ್ದು 'ಪುಸ್' ಅಂತ ಬಂದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯಲ್ಲೇ ಉಳಿದಿರಬಹುದು, ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಅಗ್ಗದ ಪೆಟ್ಟಿಗೆಯಲ್ಲಿ ನನಗೆ ಒಂದು ಸಲ ಹಾಗೇ ಆಯಿತು. ಅವತ್ತು ಪಿಸ್ತೂಲು ಬಿಚ್ಚಿ, ನಳಿಗೆಯ ಆ ಕಡೆಯಿಂದ ಬೆಳಕು ಕಾಣುವವರೆಗೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ವಾರಕ್ಕೆ ನಾನು 200 ಹೊಡೆಯುತ್ತೇನೆ. ಸ್ಟ್ಯಾಂಡರ್ಡ್ ವೆಲಾಸಿಟಿ ನನಗೆ ಹತ್ತು ಸೆಂಟಿಗೆ ಸಿಗುತ್ತದೆ, ಮಿನಿ ಮ್ಯಾಗ್ ಹನ್ನೆರಡಕ್ಕೆ. ಸ್ಟ್ಯಾಂಡರ್ಡ್ ವೆಲಾಸಿಟಿಗೆ ಅಗ್ಗದ್ದಕ್ಕಿಂತ ವಾರಕ್ಕೆ ಹೆಚ್ಚಾಗುವ ಖರ್ಚು ಆರು ಡಾಲರಿಗಿಂತ ಸ್ವಲ್ಪ ಕಮ್ಮಿ. ನಾನು ಮೂರು ಬಿಡಿಭಾಗಕ್ಕೆ ಕೊಟ್ಟ 60 ಡಾಲರಿನಲ್ಲಿ ಹತ್ತು ವಾರ ಈ ವ್ಯತ್ಯಾಸ ತುಂಬಬಹುದಿತ್ತು. ತಿಂಗಳಿಗೊಮ್ಮೆ ಸುಮ್ನೆ ಡಬ್ಬಿಗೆ ಹೊಡೆಯುವವರಾದರೆ ಯೋಚನೆ ಬೇಡ, ಮಿನಿ ಮ್ಯಾಗ್ ತಗೊಳ್ಳಿ. ನನ್ನ ಹಾಗೆ ಅಂಕ ಎಣಿಸುವವರಾದರೆ ಸ್ಟ್ಯಾಂಡರ್ಡ್ ವೆಲಾಸಿಟಿ. ಮೊದಲು ಒಂದು ಪೆಟ್ಟಿಗೆ ಹೊಡೆದು ನೋಡಿ, ನಿಮ್ಮ ಪಿಸ್ತೂಲಿಗೆ ಒಗ್ಗಿದರೆ ಅದೇ ಲಾಟ್ ನಂಬರಿನ (ಒಂದೇ ಕಂತಿನಲ್ಲಿ ತಯಾರಾದ) ಹತ್ತು ಪೆಟ್ಟಿಗೆ ಒಟ್ಟಿಗೆ ತನ್ನಿ. ಆ ಅಗ್ಗದ ತೋಟೆಗಳಲ್ಲಿ ಉಳಿದ ನೂರು ಚಿಲ್ಲರೆಯನ್ನು ಸ್ಲೋ ಫೈರ್ ಅಭ್ಯಾಸಕ್ಕೆ ಇಟ್ಟುಕೊಂಡಿದ್ದೇನೆ, ಮ್ಯಾಗಜೀನಿಗೆ ಒಂದೊಂದೇ ಹಾಕಿ, ಪ್ರತಿ ಗುಂಡಿನ ಸದ್ದು ಕೇಳಿಸಿಕೊಂಡು.