16 ಲೀಟರ್ ಬ್ಯಾಟರಿ ಪಂಪು: ಮೋಟಾರು ಗಟ್ಟಿ, ಡಿಸೈನ್ ಅರ್ಧಂಬರ್ಧ

ರಾಯಚೂರಿನ ಗಂಜ್ ಕಡೆಯ ಅಂಗಡಿಯಲ್ಲಿ ತಗೊಂಡ ಬ್ಯಾಟರಿ ಸ್ಪ್ರೇ ಪಂಪಿನ ಬಗ್ಗೆ ಬರೆಯುತ್ತಿದ್ದೇನೆ. ಕಂಪನಿ ಹೆಸರು ಬೇಡ. ಇದೇ ಅಚ್ಚಿನ ಪಂಪು ಬೇರೆ ಬೇರೆ ಸ್ಟಿಕ್ಕರ್ ಹಚ್ಚಿಕೊಂಡು ಸುಮಾರು ಅಂಗಡಿಗಳಲ್ಲಿ ಸಿಗುತ್ತದೆ. ಈ ಹಂಗಾಮಿನಲ್ಲಿ ನಮ್ಮ ಹತ್ತಿಗೂ ಮೆಣಸಿನಕಾಯಿಗೂ ಇದರಲ್ಲೇ ಎಣ್ಣೆ, ಅಂದರೆ ಕೀಟನಾಶಕ, ಹೊಡೆದಿದ್ದೇವೆ. ನಾನು ಓದಿದ್ದು ಮೆಕ್ಯಾನಿಕಲ್. ಡಿಸೈನ್ ಪಾಠದಲ್ಲಿ ಬರುವ ಮಾದರಿಗಳು ಪರೀಕ್ಷೆಗಷ್ಟೇ ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಆದರೆ ಒಂದು ಸಾಮಾನು ಎಲ್ಲಿ ಎಡವಿದೆ ಅಂತ ಹುಡುಕಲು ಅವು ನಿಜಕ್ಕೂ ಕೆಲಸಕ್ಕೆ ಬರುತ್ತವೆ.

ಮೊದಲು ಒಳ್ಳೆಯದು. ಮೋಟಾರು ಚೆನ್ನಾಗಿದೆ. ಕೈ ಪಂಪಿನಲ್ಲಿ ದಣಿವಾದಂತೆ ಪ್ರೆಶರ್ ಇಳಿಯುತ್ತದೆ, ಸಾಲಿನ ಕೊನೆಯ ಗಿಡಕ್ಕೆ ಎಣ್ಣೆ ಸರಿಯಾಗಿ ಬೀಳುವುದಿಲ್ಲ. ಇಲ್ಲಿ ಆ ತೊಂದರೆ ಇಲ್ಲ.

ಈಗ ತಕರಾರು. ಪಾಲ್ ಮತ್ತು ಬೈಟ್ಸ್ ಅಂತ ಇಬ್ಬರು ಜರ್ಮನ್ ಎಂಜಿನಿಯರುಗಳು 1977ರಲ್ಲಿ ಡಿಸೈನ್ ಕೆಲಸಕ್ಕೆ ಒಂದು ಕ್ರಮ ಬರೆದಿಟ್ಟರು. ಅವರ ಪ್ರಕಾರ ಯಂತ್ರದೊಳಗೆ ಮೂರು ಹರಿವು ನೋಡಬೇಕು: ಶಕ್ತಿ, ವಸ್ತು, ಸಂಕೇತ. ಈ ಪಂಪಿನಲ್ಲಿ ಶಕ್ತಿ ಅಂದರೆ 12 ವೋಲ್ಟ್ ಬ್ಯಾಟರಿ, ವಸ್ತು ಅಂದರೆ ಔಷಧಿ ನೀರು. ಇವೆರಡೂ ಸರಿಯಾಗಿವೆ. ಸಂಕೇತ ಎಲ್ಲಿ? ಬ್ಯಾಟರಿ ಎಷ್ಟು ಉಳಿದಿದೆ ಅಂತ ತೋರಿಸುವ ಒಂದು ಸಣ್ಣ ಲೈಟೂ ಇಲ್ಲ. ಇದು ಬರೀ ಅನುಕೂಲದ ಮಾತಲ್ಲ. ಒಳಗಿರುವುದು ಲೆಡ್ ಆಸಿಡ್ ಬ್ಯಾಟರಿ, ಅದನ್ನು ಪೂರ್ತಿ ಬರಿದು ಮಾಡಿ ಹಾಗೇ ಮೂಲೆಗಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಬ್ಯಾಟರಿ ಬೇಗ ಸಾಯುತ್ತದೆ. ರೈತನಿಗೆ ಗೊತ್ತಾಗುವುದೇ ಮೋಟಾರು ನಿಂತಾಗ. ಆಮೇಲೆ ಅಂಗಡಿಯವರು 'ನೀವೇ ಸರಿ ಚಾರ್ಜ್ ಮಾಡಿಲ್ಲ' ಅನ್ನುತ್ತಾರೆ. ತಪ್ಪು ಯಾರದು ಹೇಳಿ.

ಗಿರಾಕಿಗೆ ಯಾವ ಗುಣ ಎಷ್ಟು ಮುಖ್ಯ ಅಂತ ವಿಂಗಡಿಸಲು ಜಪಾನಿನ ಪ್ರೊಫೆಸರ್ ನೊರಿಯಾಕಿ ಕಾನೊ 1984ರಲ್ಲಿ ಕೊಟ್ಟ ಮಾದರಿ ಇನ್ನೊಂದು. ಕೆಲವು ಗುಣ ಇದ್ದರೆ ಯಾರೂ ಹೊಗಳುವುದಿಲ್ಲ, ಇಲ್ಲದಿದ್ದರೆ ಮಾತ್ರ ಸಿಟ್ಟು ಬರುತ್ತದೆ. ಕೆಲವು ಎಷ್ಟು ಜಾಸ್ತಿ ಇದ್ದರೆ ಅಷ್ಟು ಖುಷಿ. ಇನ್ನು ಕೆಲವು, ನಾವು ಕೇಳದೆಯೇ ಸಿಕ್ಕು ಮನಸ್ಸು ಗೆಲ್ಲುವಂಥವು. ಮುಚ್ಚಳ ಸೋರಬಾರದು ಅನ್ನುವುದು ಮೊದಲನೇ ಗುಂಪಿನದು, ಅಲ್ವಾ? ಈ ಪಂಪಿಗೆ ಮೊಬೈಲ್ ಚಾರ್ಜ್ ಮಾಡುವ ಯುಎಸ್‌ಬಿ ಕೊಟ್ಟಿದ್ದಾರೆ, ರಾತ್ರಿಗೆ ಲೈಟ್ ಕೊಟ್ಟಿದ್ದಾರೆ, ಮುಚ್ಚಳಕ್ಕೆ ಮಾತ್ರ ತೆಳ್ಳನೆ ವಾಶರ್. ಗಿಡ ನೋಡಲು ಸ್ವಲ್ಪ ಬಗ್ಗಿದರೆ ವಿಷದ ನೀರು ಬೆನ್ನ ಮೇಲೆ ಇಳಿಯುತ್ತದೆ. ಇದನ್ನು ನಾನು ಸಣ್ಣ ದೋಷ ಅನ್ನಲಾರೆ. ಹೊಡೆಯುವುದು ಕೀಟನಾಶಕ, ಮನೆಯವರ ಮೈಮೇಲೆ ಬೀಳುವುದು ಅದೇ.

ಪ್ರೆಶರ್ ಹೆಚ್ಚು ಕಡಿಮೆ ಮಾಡುವ ಗುಬ್ಬಿಯ (ನಾಬ್) ವಿಷಯ ಸ್ವಲ್ಪ ಸೂಕ್ಷ್ಮ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರೊಫೆಸರ್ ಆಗಿದ್ದ ನಾಮ್ ಸೂ ಹೇಳಿದ ಸೂತ್ರದ ಪ್ರಕಾರ ಒಳ್ಳೆಯ ಡಿಸೈನಿನಲ್ಲಿ ಒಂದು ಅಗತ್ಯವನ್ನು ಸರಿಮಾಡಲು ಹೋದರೆ ಇನ್ನೊಂದು ಕೆಡಬಾರದು. ಇಲ್ಲಿ ಗುಬ್ಬಿ ತಿರುಗಿಸಿದರೆ ಹನಿ ಸಣ್ಣಗಾಗುತ್ತದೆ, ಜೊತೆಗೆ ನೀರೂ ಜಾಸ್ತಿ ಹೋಗುತ್ತದೆ, ಗಾಳಿಗೆ ಹಾರುವುದೂ ಜಾಸ್ತಿ. ಬಿಡಿಸಿಕೊಳ್ಳುವ ದಾರಿ ಇದೆ: ನಾಝಲ್, ಅಂದರೆ ನೀರು ಚಿಮ್ಮುವ ತುದಿ, ಬದಲಾಯಿಸುವುದು. ಕೀಟನಾಶಕಕ್ಕೆ ಬಳೆಯಂತೆ ಸುತ್ತ ಚಿಮ್ಮುವ ಹಾಲೋ ಕೋನ್, ಕಳೆನಾಶಕಕ್ಕೆ ಬೀಸಣಿಗೆಯಂತೆ ಚಪ್ಪಟೆಯಾಗಿ ಚಿಮ್ಮುವ ಫ್ಲಾಟ್ ಫ್ಯಾನ್. ಡಬ್ಬಿಯಲ್ಲಿ ನಾಝಲ್‌ಗಳನ್ನು ಇಟ್ಟಿದ್ದಾರೆ, ಯಾವುದು ಯಾವುದಕ್ಕೆ ಅಂತ ಕನ್ನಡದಲ್ಲಿ ಒಂದು ಸಾಲೂ ಇಲ್ಲ.

ಸ್ವಿಚ್ ಟ್ಯಾಂಕಿನ ಹಿಂದೆ ಕೆಳಗಿದೆ, ಹೆಗಲಿಗೆ ಹಾಕಿಕೊಂಡರೆ ಕೈಗೆ ಸಿಗುವುದಿಲ್ಲ. ಚಾರ್ಜಿಂಗ್ ತೂತೂ ಅಲ್ಲೇ. ಮಳೆಯಾದ ಎರೆ ಹೊಲದಲ್ಲಿ ಕೆಳಗಿಟ್ಟರೆ ಕೆಸರು ನೇರ ಅದರೊಳಗೆ. ತುಂಬಿದ ಪಂಪಿನಲ್ಲಿ ನೀರೇ 16 ಕಿಲೋ, ಪಂಪಿನ ತೂಕ ಬೇರೆ. ಇಷ್ಟಕ್ಕೂ ಬೆಲ್ಟ್ ಮಾತ್ರ ಸುಮ್ನೆ ಎರಡು ಪಟ್ಟಿ.

ಇವ್ಯಾವುವೂ ತಯಾರಿಕೆಯ ತಪ್ಪಲ್ಲ. ಪಾಲ್ ಮತ್ತು ಬೈಟ್ಸ್ ಕ್ರಮದಲ್ಲಿ ಮೊದಲ ಹಂತವೇ ಏನೇನು ಬೇಕು ಅಂತ ಪಟ್ಟಿ ಮಾಡುವುದು. ಆ ಪಟ್ಟಿ ಬರೆದವರು ಪಂಪು ಹೊರುವವರನ್ನು ಒಮ್ಮೆ ಕೇಳಿದ್ದರೆ ಸಾಕಿತ್ತು.

ಐದಕ್ಕೆ ಮೂರು ಕೊಡುತ್ತೇನೆ, ಮೂರೂ ಮೋಟಾರಿಗೇ. ತಗೊಳ್ಳುವವರು ಅಂಗಡಿಯಲ್ಲೇ ಬರೀ ನೀರು ತುಂಬಿಸಿ, ಹೆಗಲಿಗೆ ಹಾಕಿ, ಬಗ್ಗಿ ನೋಡಿ. ಸೋರಿದರೆ ಅಲ್ಲೇ ಬಿಟ್ಟು ಬನ್ನಿ. ತಗೊಂಡರೆ ದಪ್ಪ ವಾಶರ್ ಮತ್ತು ಅಗಲ ಬೆಲ್ಟ್ ಹಾಕಿಸಿ, ಹೊಲದಿಂದ ಬಂದ ದಿನವೇ ಚಾರ್ಜಿಗೆ ಇಡಿ.