ಟಾಹೋ ಕಡೆ ಒಂದೇ ದಿನ ಇದ್ದರೆ: ಎಮರಾಲ್ಡ್ ಬೇನಾ, ಡಾನರ್ ಪಾರ್ಕಾ?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಟಾಹೋ ಸರೋವರದ ಕಡೆ ಇರುವ ಈ ಎರಡೂ ಸ್ಟೇಟ್ ಪಾರ್ಕ್‌ಗಳಲ್ಲಿ ಸರೋವರ, ಕಾಲುದಾರಿ, ಹಳೆಯ ಕಥೆ ಎಲ್ಲಾ ಇವೆ. ನೋಟಕ್ಕೆ ಎಮರಾಲ್ಡ್ ಬೇ ಮುಂದು. ಹಸಿರು ನೀಲಿ ನೀರು, ನಡುವೆ ಪುಟ್ಟ ದ್ವೀಪ, ದಡದಲ್ಲಿ 1929ರಲ್ಲಿ ಕಟ್ಟಿದ ವೈಕಿಂಗ್ಸ್‌ಹೋಮ್ ಬಂಗಲೆ. ಆದರೆ ಅಲ್ಲಿಗೆ ಒಂದು ಮೈಲಿ ಕಡಿದಾದ ಇಳಿಜಾರು. ಇಳಿದಷ್ಟೂ ಹತ್ತಬೇಕಲ್ವಾ?

ಮಂಡಿನೋವಿನ ಅಪ್ಪ ಅಮ್ಮ ಜೊತೆಗಿದ್ದರೆ ಡಾನರ್‌ಗೇ ಹೋಗಿ. ಸರೋವರದ ದಡದಲ್ಲಿ ಆರಾಮಾಗಿ ನಡೆಯಬಹುದು. 1846ರ ಚಳಿಗಾಲದಲ್ಲಿ ವಲಸೆ ಹೊರಟಿದ್ದ ಕುಟುಂಬಗಳು ಇಲ್ಲೇ ಹಿಮದಲ್ಲಿ ಸಿಕ್ಕಿಬಿದ್ದವು. ಸುಮಾರು ಅರ್ಧ ಜನ ಉಳಿಯಲಿಲ್ಲ. ಅವರಲ್ಲೊಂದಾದ ಮರ್ಫಿ ಕುಟುಂಬ ಗುಡಿಸಲಿಗೆ ಗೋಡೆ ಮಾಡಿಕೊಂಡ ಬಂಡೆ ಇನ್ನೂ ಇದೆ. ಆ ವಲಸಿಗರ ನೆನಪಿಗೆ ಕಟ್ಟಿದ ಸ್ಮಾರಕದ ಪೀಠದ ಎತ್ತರ 22 ಅಡಿ. ಆಗ ಹಿಮ ಅಷ್ಟು ಎತ್ತರಕ್ಕೆ ಬಿದ್ದಿತ್ತಂತೆ. ಬುಡದಲ್ಲಿ ನಿಂತು ತಲೆಯೆತ್ತಿ ನೋಡಿದರೆ ಎದೆ ಝಲ್ ಅನ್ನುತ್ತದೆ. ನಾನಂತೂ ಮಕ್ಕಳನ್ನು ಮೊದಲು ಇಲ್ಲಿಗೇ ಕರೆದೊಯ್ಯುತ್ತೇನೆ.